ಯಕೃತ್ತೆಂಬ ಬ್ಯಾಂಕಿನ ವಾಚ್‌ಮನ್

ನಮ್ಮ ಹೊನ್ನಾವರ, ಕುಮಟಾ ಕಡೆಯ ಅಪ್ಪೆಹುಳಿಗೆ ಒಗ್ಗರಣೆ ಹಾಕಿದ ಮೇಲೆ ಬಟ್ಟಲೊಳಗೆ ಇಣುಕಿದ್ದೀರಾ ಮಕ್ಕಳೇ? ಎಣ್ಣೆ ಹನಿಹನಿಯಾಗಿ ತೇಲುತ್ತಿರುತ್ತದೆ. ಎರಡು ಹನಿ ತಾಗಿದರೆ ಕೂಡಿ ಒಂದಾಗುತ್ತವೆ. ಸುತ್ತ ಚೀಲವಿಲ್ಲ, ಗೋಡೆಯಿಲ್ಲ. ಆದರೂ ಹನಿ ಬೇರೆ, ನೀರು ಬೇರೆ. ನಮ್ಮ ಜೀವಕೋಶದೊಳಗೂ ಇಂಥ ಹನಿಗಳು ಕಟ್ಟುತ್ತವೆ, ಕರಗುತ್ತವೆ. 2009ರಲ್ಲಿ ಕ್ಲಿಫರ್ಡ್ ಬ್ರಾಂಗ್‌ವಿನ್, ಆಂಟನಿ ಹೈಮನ್ ಮತ್ತು ಜೊತೆಗಾರರು ಇದನ್ನು ಪುಟ್ಟ ಹುಳವೊಂದರ ಭ್ರೂಣದಲ್ಲಿ ತೋರಿಸಿದರು. ಅವರಿಬ್ಬರಿಗೆ 2023ರ ಬ್ರೇಕ್‌ಥ್ರೂ ಪ್ರಶಸ್ತಿಯೂ ಬಂತು.

ನಾನು ಬಿ.ಕಾಂ. ಓದಿ, ಭಟ್ಕಳದಿಂದ ಕುಮಟೆಯವರೆಗೆ ಬ್ಯಾಂಕಿನ ಕೌಂಟರಿನಲ್ಲಿ ನೋಟು ಎಣಿಸಿದವನು. ಇದನ್ನೆಲ್ಲ ಓದತೊಡಗಿದ್ದು ಕುಮಟೆಯ ಸಹೋದ್ಯೋಗಿಯೊಬ್ಬರು ಲಿವರ್ ಕ್ಯಾನ್ಸರಿನಿಂದ ತೀರಿಹೋದ ಮೇಲೆ. ಹೆಂಡ ಮುಟ್ಟದ ಮನುಷ್ಯ. ಆದರೂ ಹದಿಮೂರನೇ ದಿನದ ಊಟಕ್ಕೆ ಕೂತವರು "ಗುಟ್ಟಾಗಿ ಕುಡೀತಿದ್ರೇನೋ" ಎಂದು ಪಿಸುಗುಟ್ಟಿದರು. ಅದು ಅವರ ಮಗಳ ಕಿವಿಗೂ ಬಿತ್ತು.

ಯಕೃತ್ತು, ಅಂದರೆ ಲಿವರ್, ಒಂದು ಬ್ಯಾಂಕು. ಊಟವಾದ ಮೇಲೆ ಹೆಚ್ಚಾದ ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಠೇವಣಿ ಇಡುತ್ತದೆ. ಹಸಿದಾಗ ಒಡೆದು ಕೊಡುತ್ತದೆ. 2021ರಲ್ಲಿ ಚೀನಾದ ಶಿಯಾಮೆನ್ ವಿಶ್ವವಿದ್ಯಾಲಯದವರು 'ಸೆಲ್' ಪತ್ರಿಕೆಯಲ್ಲಿ ಬರೆದದ್ದು ಇದು: ಗಡ್ಡೆ ಇನ್ನೂ ಎಳೆಯದಾಗಿರುವಾಗ, ಸಕ್ಕರೆ ಹೊರಬಿಡುವ ಕಿಣ್ವ ಕಡಿಮೆಯಾಗುತ್ತದೆ. ಜಮಾ ಉಂಟು, ಖರ್ಚಿಲ್ಲ! ಪೇರಿದ ಗ್ಲೈಕೋಜನ್ ಕೊನೆಗೆ ಹನಿಗಟ್ಟುತ್ತದೆ. ಕೋಶ ಮಿತಿಮೀರಿ ಬೆಳೆಯದಂತೆ ಕಾಯುವ ಎಂಎಸ್‌ಟಿ ಎಂಬ ಪ್ರೋಟೀನು, ಲ್ಯಾಫೊರಿನ್ ಎಂಬ ಇನ್ನೊಂದರ ಜೊತೆ ಆ ಹನಿಯೊಳಗೆ ಸಿಕ್ಕಿಬೀಳುತ್ತದೆ. ವಾಚ್‌ಮನ್ ಸ್ಟ್ರಾಂಗ್‌ರೂಮಿನೊಳಗೆ, ಹೊರಗಿನಿಂದ ಬೀಗ. ಅವನ ಹಿಡಿತದಲ್ಲಿದ್ದ ಯಾಪ್ ಎಂಬ ಪ್ರೋಟೀನಿಗೆ ಈಗ ಹೇಳುವವರಿಲ್ಲ. "ಬೆಳೆ, ಬೆಳೆ" ಎಂದು ಕೋಶವನ್ನು ಹುರಿದುಂಬಿಸುತ್ತದೆ.

ಹಾಗೆಂದು ಅನ್ನ, ಬೆಲ್ಲ ಬಿಟ್ಟು ಕೂರಬೇಡಿ. ಇದು ಇಲಿಗಳಲ್ಲಿ ಮತ್ತು ರೋಗಿಗಳ ಗಡ್ಡೆಯ ಚೂರುಗಳಲ್ಲಿ ಕಂಡದ್ದು. ಮದ್ದಾಗಿ ಔಷಧಿ ಅಂಗಡಿಗೆ ಬರಲು ಇನ್ನೂ ದೂರವಿದೆ.

ಈ ಕ್ಯಾನ್ಸರಿಗೆ ದಾರಿ ಹಲವು. ಕುಡಿತ ಒಂದು, ಅಷ್ಟೇ. ಸಿಹಿಮೂತ್ರ, ಬೊಜ್ಜು ಇದ್ದವರ ಕೊಬ್ಬಿದ ಲಿವರ್ ಇನ್ನೊಂದು. ನನ್ನ ಸಹೋದ್ಯೋಗಿಯ ರಕ್ತದಲ್ಲಿದ್ದದ್ದು ಹೆಪಟೈಟಿಸ್ ಬಿ ವೈರಸ್. ಹೆತ್ತಾಗ ತಾಯಿಯಿಂದ ಮಗುವಿಗೆ ದಾಟಿ, ಎಷ್ಟೋ ವರ್ಷ ಸದ್ದಿಲ್ಲದೆ ಕೂರಬಲ್ಲದು. ಮಗು ಹುಟ್ಟಿದ 24 ಗಂಟೆಯೊಳಗೆ ಹಾಕುವ ಲಸಿಕೆ ಅದನ್ನು ತಡೆಯುತ್ತದೆ. ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಅವರ ಮಕ್ಕಳಿಬ್ಬರೂ ರಕ್ತ ಪರೀಕ್ಷೆ ಮಾಡಿಸಿಕೊಂಡರು.

ಮತ್ತೊಂದು ದಾರಿ ಅಡುಗೆಮನೆಯದು. ನಮ್ಮ ಮಳೆಗಾಲದಲ್ಲಿ ಶೇಂಗಾಕ್ಕೆ ಬೂಷ್ಟು ಬರುವುದು ಬೇಗ. ಕೆಲವು ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತವೆ. ಹುರಿದರೂ ಪೂರ್ತಿ ಹೋಗದು. ಅಂಥದ್ದನ್ನು ಆಕಳಿಗೂ ಹಾಕಬೇಡಿ, ಹಾಲಿಗೆ ಇಳಿಯುತ್ತದೆ.