ಚಾವಡಿಯೊಳಗಣ ನಾದಮಂಡಲ

ಪುತ್ತೂರಿನ ಬಸ್‌ ನಿಲ್ದಾಣದ ಆಸುಪಾಸಿನಲ್ಲಾಗಲಿ, ಸುಳ್ಯದ ಮುಖ್ಯರಸ್ತೆಯ ಇಕ್ಕೆಲದಲ್ಲಾಗಲಿ, ಈ ಎರಡು ತಾಲೂಕುಗಳ ಗ್ರಾಮಗಳನ್ನು ಕೂಡಿಸಿಕೊಂಡು ಈಚೆಗೆ ತಾನೂ ತಾಲೂಕೆನಿಸಿದ ಕಡಬದ ಪೇಟೆಯಲ್ಲಾಗಲಿ ತುಸು ನಿಧಾನವಾಗಿ ನಡೆಯುವವರಿಗೆ, ಮೊಬೈಲು ಮಳಿಗೆಗಳ ಥಳಕಿನ ನಡುವೆ, ಒಡಲು ಬಿಚ್ಚಿದ ಟೀವಿಗಳೂ ತಂತಿಯ ಸಿಂಬೆಗಳೂ ಬೆಸುಗೆಯ ರಾಳದ ಹೊಗೆಯೂ ತುಂಬಿದ ಇಕ್ಕಟ್ಟಾದ ಅಂಗಡಿಯೊಂದು ಕಣ್ಣಿಗೆ ಬೀಳದಿರದು. ವಾಲ್ವಿನ ರೇಡಿಯೋ ಹೋಗಿ ಟ್ರಾನ್ಸಿಸ್ಟರ್ ಬಂದಾಗಲೂ, ಯಕ್ಷಗಾನದ ಕ್ಯಾಸೆಟ್ಟುಗಳ ನಿಮಿತ್ತವಾಗಿ ಮನೆಮನೆಗೆ ಟೇಪ್‌ ರೆಕಾರ್ಡರ್ ಬಂದಾಗಲೂ, ಜೀಪು ಬಸ್ಸುಗಳ ಚಾಲಕರು ಡೆಕ್ಕಿನ ಮೋಹಕ್ಕೆ ಬಿದ್ದಾಗಲೂ, ಆಯಾ ಕಾಲದ ವಿದ್ಯೆಯನ್ನು ಬಹುಮಟ್ಟಿಗೆ ಕೆಟ್ಟುಬಂದ ಯಂತ್ರಗಳಿಂದಲೇ ಕಲಿತುಕೊಂಡ ಈ ಮೆಕ್ಯಾನಿಕ್ಕರ ಕೈಗೆ ಇಂದು ಬಂದಿರತಕ್ಕ ಕೆಲಸ, ಸಿನಿಮಾ ಮಂದಿರದ ಸುತ್ತುವರಿಯುವ ನಾದವನ್ನು, ಅಂದರೆ ಸರೌಂಡ್ ಸೌಂಡನ್ನು, ಅಲ್ಪವೆಚ್ಚದಲ್ಲಿ ಮನೆಯ ಚಾವಡಿಯೊಳಗೆ ಇಳಿಸಿಕೊಡುವುದು. ಈ ಕಸುಬನ್ನೂ ಅದರ ಹಿಂದಿರುವ ತತ್ತ್ವವನ್ನೂ ಓದುಗರಿಗೆ ಪರಿಚಯಿಸುವುದೇ ಇಲ್ಲಿನ ಉದ್ದೇಶ.

ಈ ನಾದದ ಇತಿಹಾಸ ನಾವು ಭಾವಿಸುವುದಕ್ಕಿಂತ ಹಳೆಯದು. ಪುತ್ತೂರನ್ನು ಕರ್ಮಭೂಮಿಯಾಗಿ ಮಾಡಿಕೊಂಡಿದ್ದ ಶಿವರಾಮ ಕಾರಂತರು 'ಡೊಮಿಂಗೊ', 'ಭೂತರಾಜ್ಯ' ಎಂಬ ಮೂಕಚಿತ್ರಗಳ ಸಾಹಸಕ್ಕೆ ಇಳಿದದ್ದು 1930ರ ಆಸುಪಾಸಿನಲ್ಲಿ. ಕನ್ನಡದ ಚಿತ್ರ ಮೊದಲು ಬಾಯಿ ತೆರೆದದ್ದು 1934ರ 'ಸತಿ ಸುಲೋಚನ'ದಲ್ಲಿ. ಅದಾದ ಆರೇ ವರ್ಷಕ್ಕೆ, 1940ರಲ್ಲಿ, ಅಮೆರಿಕದ ವಾಲ್ಟ್ ಡಿಸ್ನಿ 'ಫ್ಯಾಂಟೇಸಿಯಾ' ಚಿತ್ರವನ್ನು ಪ್ರೇಕ್ಷಕರ ಸುತ್ತಲಿಂದ ನಾದ ಹೊಮ್ಮುವಂತೆ ಪ್ರದರ್ಶಿಸಿಬಿಟ್ಟಿದ್ದನು. ವೆಚ್ಚ ಅಪಾರವಾದುದರಿಂದ ಆ ಏರ್ಪಾಡು ಕೆಲವೇ ಮಂದಿರಗಳಲ್ಲಿ ನಿಂತುಹೋಯಿತು. 1970ರ ದಶಕದ ಡಾಲ್ಬಿ ಸ್ಟೀರಿಯೋ, 1992ರ ಡಾಲ್ಬಿ ಡಿಜಿಟಲ್‌ಗಳ ಮಾರ್ಗವಾಗಿ ಅದು ಲೋಕಸಾಮಾನ್ಯವಾದ ಮೇಲೆ, ಮುಂದೆ ಮೂರು, ಹಿಂದೆ ಎರಡು, ತಗ್ಗಿನ ಸ್ವರಕ್ಕೆ ಪ್ರತ್ಯೇಕವಾಗಿ ಒಂದು ಎಂಬ 5.1ರ ಲೆಕ್ಕ ಎಲ್ಲೆಡೆ ರೂಢಿಗೆ ಬಂದಿತು. 2022ರಲ್ಲಿ 'ಕಾಂತಾರ'ದ ದೈವದ ಕೂಗನ್ನು ಮಂದಿರದಲ್ಲಿ ಬೆನ್ನಹಿಂದಿನಿಂದ ಕೇಳಿಬಂದ ನಮ್ಮ ಸೀಮೆಯವನಿಗೆ, ಕೋಲದ ಗದ್ದೆಯಲ್ಲಿ ಸ್ವತಃ ನಿಂತು ಕೇಳಿದ ಆ ನಾದ ಮನೆಯ ಟೀವಿಯ ಬೆನ್ನಿನಿಂದ ಕೀರಲಾಗಿ ಹೊರಟಾಗ ಅತೃಪ್ತಿಯಾಗುವುದು ಸಹಜವೇ ಸರಿ.

ಅತೃಪ್ತನಾದವನು ಪೇಟೆಗೆ ಹೋಗುತ್ತಾನೆ. ಅಲ್ಲಿ ಅವನಿಗೆ ಮೊದಲು ಎದುರಾಗುವುದು ಸಾವಿರಗಟ್ಟಲೆ ವಾಟ್ 'ಪಿಎಂಪಿಒ' ಎಂದು ಬರೆದ ಮಿರುಗುವ ಚೀಟಿ. ಯಾವ ಅಳತೆಗೋಲಿಗೂ ನಿಲ್ಲದ, ಮಾರಾಟದ ಅಗತ್ಯಕ್ಕೆ ಮಾತ್ರ ಹುಟ್ಟಿದ ಈ ಸಂಖ್ಯೆಯನ್ನು ನಂಬುವುದು ಹಣವನ್ನು ಗಾಳಿಗೆ ತೂರುವುದೇ ಆಗಿದೆ. ಕೇಳಬೇಕಾದುದು ಯಂತ್ರ ಎಡೆಬಿಡದೆ ಕೊಡಬಲ್ಲ ಶಕ್ತಿಯ ಅಳತೆಯಾದ ಆರ್‌ಎಂಎಸ್ ವಾಟ್. ಅದೂ ಹೆಚ್ಚು ಬೇಕಿಲ್ಲ. ಶಕ್ತಿಯನ್ನು ಇಮ್ಮಡಿಗೊಳಿಸಿದರೆ ಕಿವಿಗೆ ತಿಳಿಯುವುದು 3 ಡೆಸಿಬೆಲ್ಲಿನ ಅಲ್ಪ ಏರಿಕೆ ಮಾತ್ರ. ಸದ್ದು ಇಮ್ಮಡಿಯಾಯಿತೆಂದು ತೋರಬೇಕಾದರೆ ಶಕ್ತಿ ಹೆಚ್ಚುಕಡಮೆ ಹತ್ತುಪಟ್ಟು ಆಗಬೇಕು. ಆದಕಾರಣ ಹತ್ತು ವಾಟಿನ ಸಾಧನವನ್ನು ಯುಕ್ತಸ್ಥಾನದಲ್ಲಿಟ್ಟು ಕೇಳುವಾತನು ನೂರು ವಾಟನ್ನು ಮೂಲೆಗೆ ತಳ್ಳಿ ಕೇಳುವವನಿಗಿಂತ ಭಾಗ್ಯಶಾಲಿ. ಅಲ್ಪಧನನಾದವನಿಗೆ ಈ ವಿದ್ಯೆಯಲ್ಲಿ ಅಡ್ಡಿಯಾಗುವುದು ಧನಾಭಾವಕ್ಕಿಂತ ಹೆಚ್ಚಾಗಿ ಕ್ರಮಾಭಾವ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮೊದಲು ಮನೆಯನ್ನು ನೋಡಬೇಕು, ಅನಂತರ ಮುಂದಿನ ಜೋಡಿ ಸ್ಪೀಕರುಗಳನ್ನು, ಹಿಂದಿನವನ್ನು ಆಮೇಲೆ, ಗುಡುಗುವ ಸಬ್‌ವೂಫರನ್ನು ಎಲ್ಲಕ್ಕೂ ಕಡೆಗೆ. ಲೋಕದಲ್ಲಿ ನಡೆಯುತ್ತಿರುವುದೋ ಇದಕ್ಕೆ ತೀರ ವಿಪರೀತ.

ಮನೆಯ ವಿಚಾರದಲ್ಲಿ ನಮ್ಮ ಸೀಮೆಯ ಹಿರಿಯರು ತಿಳಿಯದೆಯೇ ದೊಡ್ಡ ಉಪಕಾರವನ್ನು ಮಾಡಿಹೋಗಿದ್ದಾರೆ. ಮುರಕಲ್ಲಿನ ಒರಟು ಗೋಡೆ, ಇಳಿಜಾರಾದ ಹಂಚಿನ ಮಾಡು, ಅಡ್ಡಡ್ಡ ಹಾದುಹೋದ ತೊಲೆ ಪಕ್ಕಾಸುಗಳು, ಅಟ್ಟದ ಮೇಲೆ ಒಟ್ಟಿದ ಗೋಣಿ ಚಾಪೆಗಳು: ಇವುಗಳಿಂದ ಕೂಡಿದ ಹಳೆಯ ಚಾವಡಿಯಲ್ಲಿ ನೆಲಕ್ಕೆ ಸಮಾನಾಂತರವಾದ ಚಾವಣಿಯೇ ಇಲ್ಲದಿರುವುದರಿಂದ ನಾದ ಮೇಲಕ್ಕೂ ಕೆಳಕ್ಕೂ ಪುಟಿದು ಕದಡಿಹೋಗುವ ಪ್ರಮೇಯ ಕಡಮೆ, ಒರಟು ಮೈಗಳು ಅದನ್ನು ಚದುರಿಸುತ್ತವೆ, ಹಂಚಿನ ಸಂದುಗಳು ತಗ್ಗಿನ ಸ್ವರದ ಅತಿರೇಕವನ್ನು ಹೊರಗೆ ಬಿಟ್ಟುಬಿಡುತ್ತವೆ. ಅದೇ ಕುಟುಂಬ ಅಡಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಕಟ್ಟಿಸಿಕೊಂಡ ತಾರಸಿಮನೆಯನ್ನು ಹೊಕ್ಕು ಒಂದು ಚಪ್ಪಾಳೆ ತಟ್ಟಿ ನೋಡಿರಿ: ನುಣುಪಾದ ಗೋಡೆ, ಹೊಳೆಯುವ ಟೈಲ್ಸಿನ ನೆಲ, ಸಮತಟ್ಟಾದ ಸ್ಲ್ಯಾಬು ಕೂಡಿ ಆ ಚಪ್ಪಾಳೆಯನ್ನು ಝಣಝಣನೆ ಹಿಂತಿರುಗಿಸುತ್ತವೆ. ಇಂಥ ಕೋಣೆಯಲ್ಲಿ ಲಕ್ಷ ರೂಪಾಯಿಯ ಯಂತ್ರವೂ ಗದ್ದಲವನ್ನಲ್ಲದೆ ಬೇರೇನನ್ನೂ ಹುಟ್ಟಿಸಲಾರದು. ಆದರೆ ಪರಿಹಾರ ದುಬಾರಿಯಲ್ಲ. ಕುಳಿತುಕೊಳ್ಳುವವರ ಮುಂದಿನ ನೆಲಕ್ಕೆ ದಪ್ಪನೆಯ ಜಮಖಾನ, ಕಿಟಕಿಗಳಿಗೆ ನೆರಿಗೆ ತುಂಬಿದ ಭಾರವಾದ ಪರದೆ, ಬೆನ್ನ ಹಿಂದಿನ ಗೋಡೆಗೆ ಏರುಪೇರಾಗಿ ಪುಸ್ತಕ ಜೋಡಿಸಿದ ಕಪಾಟು ಇವಿಷ್ಟಾದರೆ ಅರ್ಧ ಕೆಲಸ ಮುಗಿದಂತೆಯೇ. ಮೂಲೆಗಳಲ್ಲಿ ತಂಗಿ ಗುಂಯ್ಗುಡುವ ತಗ್ಗಿನ ಸ್ವರಕ್ಕೆ ಮಾತ್ರ ಪರದೆ ಸಾಲದು. ಅಲ್ಲಿಗೆ ಬೇಕಾದುದು ಗಾತ್ರವಾದ ನಾರುಳ್ಳ ವಸ್ತು. ಚೆನ್ನಾಗಿ ಒಣಗಿಸಿದ ಅಡಕೆಸಿಪ್ಪೆಯನ್ನೋ ತೆಂಗಿನ ನಾರನ್ನೋ ಗೋಣಿಯಲ್ಲಿ ತುಂಬಿ, ಒಪ್ಪವಾದ ಬಟ್ಟೆ ಹೊದಿಸಿ, ಎರಡು ಮೂಲೆಗಳಲ್ಲಿ ಆಳೆತ್ತರ ನಿಲ್ಲಿಸಿದರೆ ಪೇಟೆಯ ಫೋಮಿನ ತುಂಡುಗಳಿಗಿಂತ ಕೆಳಗಿನ ಫಲವೇನೂ ದೊರೆಯದು. ಒರಲೆಯ ಮೇಲೆ ಒಂದು ಕಣ್ಣಿರಬೇಕು, ಅಷ್ಟೇ.

ಮುಂದಿನ ಜೋಡಿಯ ಪೆಟ್ಟಿಗೆಗಳನ್ನು ಊರಿನ ಆಚಾರಿಯಿಂದಲೇ ಮಾಡಿಸಬಹುದು. ಇಲ್ಲಿ ಬಹುಮಂದಿ ಹಲಸಿನ ಹಲಗೆಯನ್ನು ಬಯಸುವರು. ಚೆಂಡೆ ಮದ್ದಲೆಗಳಿಗೆ ಒಪ್ಪುವ ಮರ ಸ್ಪೀಕರಿಗೆ ಒಪ್ಪದಿದ್ದೀತೆ ಎಂಬುದು ಅವರ ತರ್ಕ. ತರ್ಕ ತಲೆಕೆಳಗಾದುದು. ಮದ್ದಲೆಯ ಗೂಡು ತಾನೂ ಹಾಡಬೇಕು. ಸ್ಪೀಕರಿನ ಪೆಟ್ಟಿಗೆಯಾದರೋ ಮೂಕವಾಗಿರತಕ್ಕದ್ದು, ಅದು ಬಾಯಿ ಹಾಕಿತೆಂದರೆ ಭಾಗವತರ ಸ್ವರಕ್ಕೆ ತನ್ನದೊಂದು ಶ್ರುತಿಯನ್ನು ಬೆರೆಸಿ ಕೆಡಿಸುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಉಬ್ಬಿ ಪುಡಿಯಾಗುವ ಪಾರ್ಟಿಕಲ್ ಬೋರ್ಡೂ ಬೇಡ. 18 ಮಿಲಿಮೀಟರಿನ ನೀರುತಾಳುವ ಪ್ಲೈವುಡ್ಡನ್ನು ಬಳಸಿ, ಒಳಗೆ ಅಡ್ಡಪಟ್ಟಿ ಕೊಟ್ಟು, ಸಂದುಗಳನ್ನು ಅಂಟು ಬೆರೆತ ಮರದಪುಡಿಯಿಂದ ಗಾಳಿಯಾಡದಂತೆ ಮುಚ್ಚಿಸಬೇಕು. ಹೀಗೆ ಸಂಪೂರ್ಣವಾಗಿ ಮುಚ್ಚಿದ ಚಿಕ್ಕ ಪೆಟ್ಟಿಗೆಯೊಳಗಣ ಗಾಳಿಯೇ ಸ್ಪ್ರಿಂಗಾಗಿ ವರ್ತಿಸಿ ಗಂಭೀರಸ್ವರವನ್ನು ನೀಡಬಲ್ಲುದೆಂಬುದನ್ನು 1954ರಲ್ಲಿ ಎಡ್ಗರ್ ವಿಲ್ಚರ್ ಎಂಬಾತ ಅಮೆರಿಕದಲ್ಲಿ ತೋರಿಸಿಕೊಟ್ಟನು. ಏರುಸ್ವರಕ್ಕೆ ಮೀಸಲಾದ ಟ್ವೀಟರಿಗೆ ಸರಣಿಯಲ್ಲಿ 4.7 ಮೈಕ್ರೋಫ್ಯಾರಡಿನ ನಾನ್‌ಪೋಲಾರ್ ಕೆಪಾಸಿಟರ್ ಒಂದನ್ನು ಸೇರಿಸಿದರೆ, 8 ಓಮಿನ ಟ್ವೀಟರಾದಲ್ಲಿ, ಸುಮಾರು 4,200 ಹರ್ಟ್ಸಿಗಿಂತ ಕೆಳಗಿನ ಸ್ವರಗಳು ಅದರತ್ತ ಸುಳಿಯದಂತೆ ತಡೆ ಬೀಳುತ್ತದೆ. ತಗ್ಗಿನ ಸ್ವರದ ವೂಫರಿನ ಅಂಚು ರಬ್ಬರಿನದೋ ಬಟ್ಟೆಯದೋ ಆಗಿರಲಿ; ಫೋಮಿನ ಅಂಚು ಈ ಹವೆಯಲ್ಲಿ ಬಹುಕಾಲ ಬಾಳದು. ಕಡೆಯದಾಗಿ, ಟಾರ್ಚಿನ ಒಂದು ಸೆಲ್ಲನ್ನು ಸ್ಪೀಕರಿನ ತಂತಿಗಳಿಗೆ ಕ್ಷಣಮಾತ್ರ ಮುಟ್ಟಿಸಿ ನೋಡಬೇಕು: ಧನತುದಿಗೆ ಧನತುದಿ ತಾಗಿದಾಗ ಎರಡೂ ವೂಫರುಗಳ ಶಂಕು ಹೊರಕ್ಕೇ ಚಾಚಬೇಕು. ಒಂದು ಹೊರಕ್ಕೂ ಇನ್ನೊಂದು ಒಳಕ್ಕೂ ಹೋದರೆ ತಗ್ಗಿನ ಸ್ವರವೇ ಮಾಯವಾಗುತ್ತದೆ. ಎಷ್ಟೋ ಮನೆಗಳಲ್ಲಿ 'ಬಾಸ್ ಇಲ್ಲ' ಎಂಬ ದೂರಿನ ಮೂಲ ಇಷ್ಟೇ.

ಇನ್ನು ಹಿಂದಿನ ಜೋಡಿ. ಹಳೆಯ ಟೇಪ್‌ರೆಕಾರ್ಡರಿನ ಜೊತೆಗಿದ್ದು ಈಗ ಅಟ್ಟ ಸೇರಿರುವ ಎರಡು ಡಬ್ಬಿಗಳನ್ನು, ಹೊಸ ಆಂಪ್ಲಿಫೈಯರಿನ ಅಗತ್ಯವೇ ಇಲ್ಲದೆ, ಕೇವಲ ತಂತಿಯ ಬೆಲೆಗೆ ಸರೌಂಡ್ ಆಗಿ ಮಾರ್ಪಡಿಸುವ ಒಂದು ಉಪಾಯವುಂಟು. 1970ರ ಸುಮಾರಿಗೆ ಅಮೆರಿಕದ ಡೇವಿಡ್ ಹ್ಯಾಫ್ಲರ್ ಅದನ್ನು ಪ್ರಚಾರಕ್ಕೆ ತಂದನು. ಆಂಪ್ಲಿಫೈಯರಿನ ಎಡ ಬಲ ಎರಡು ಚಾನೆಲ್ಲುಗಳ ಕೆಂಪು ತುದಿಗಳ ನಡುವೆ ಈ ಹಿಂದಿನ ಸ್ಪೀಕರುಗಳನ್ನು ಸರಣಿಯಾಗಿ ಜೋಡಿಸಿದರೆ, ಎರಡೂ ಚಾನೆಲ್ಲಿನಲ್ಲಿ ಸಮಾನವಾಗಿರುವುದು, ಅಂದರೆ ನಟ್ಟನಡುವಿನಿಂದ ಬರುವ ಮಾತು ಹಾಡುಗಳು, ಪರಸ್ಪರ ಕಳೆದುಹೋಗಿ, ಭೇದವಾಗಿರುವುದಷ್ಟೇ ಹಿಂದಿನಿಂದ ಕೇಳಿಸುತ್ತದೆ. ಆ ಭೇದದಲ್ಲಿ ಏನಿದೆಯೆಂದರೆ, ಮಳೆಯ ಮೊರೆತ, ಸಭೆಯ ಕರತಾಡನ, ದೇಗುಲದ ಪ್ರಾಕಾರದ ಅನುರಣನ, ಕಾಡಿನ ಜೀರುಂಡೆ ಮುಂತಾದ ಸುತ್ತುಮುತ್ತಿನ ಸರ್ವಸ್ವ. ಡಾಲ್ಬಿ ಸ್ಟೀರಿಯೋ ಚಿತ್ರಗಳಲ್ಲಿ ಹಿಂದಿನ ನಾದವನ್ನು ಎರಡು ಚಾನೆಲ್ಲುಗಳಲ್ಲಿ ವಿರುದ್ಧಮುಖವಾಗಿ ಅಡಗಿಸಿಟ್ಟಿರುವುದರಿಂದ ಅದೂ ತಾನಾಗಿ ಹೊರಬೀಳುತ್ತದೆ. 1982ರಲ್ಲಿ ಮನೆಗಳಿಗೆಂದು ಬಂದ ಡಾಲ್ಬಿ ಸರೌಂಡಿನ ತಿರುಳೂ ಈ ವ್ಯವಕಲನವೇ. ಮಂಗಳೂರು ಆಕಾಶವಾಣಿ 1976ರಲ್ಲಿ ಆರಂಭವಾದಂದಿನಿಂದ ನಾವು ರೇಡಿಯೋದಲ್ಲಿ ಕೇಳುತ್ತ ಬಂದ ತಾಳಮದ್ದಲೆಯಂಥ ಏಕನಾದದ ಧ್ವನಿಮುದ್ರಣವನ್ನು ಹಾಕಿದಾಗ ಹಿಂದಿನ ಸ್ಪೀಕರುಗಳು ಮೌನವಹಿಸಿದರೆ ಗಾಬರಿಯಾಗಕೂಡದು. ಜೋಡಣೆ ಸರಿಯಾಗಿದೆಯೆಂಬುದಕ್ಕೆ ಅದೇ ಪ್ರಮಾಣ. ಆದರೆ ಒಂದು ಕಟ್ಟೆಚ್ಚರ: ಬ್ರಿಜ್ ಕ್ರಮದ ಆಂಪ್ಲಿಫೈಯರಿಗೆ, ಅಂದರೆ ಸ್ಪೀಕರಿನ ಕಪ್ಪು ತುದಿ ಗ್ರೌಂಡಿಗೆ ಸೇರದ ಬಗೆಯದಕ್ಕೆ, ಈ ಪ್ರಯೋಗವನ್ನು ಎಂದಿಗೂ ಮಾಡತಕ್ಕದ್ದಲ್ಲ. ಈಗಿನ ಅಗ್ಗದ ಡಿಜಿಟಲ್ ಬೋರ್ಡುಗಳು ಬಹುಪಾಲು ಆ ಬಗೆಯವು. ಮೆಕ್ಯಾನಿಕ್ಕನನ್ನು ಕೇಳಿಯೇ ಮುಂದುವರಿಯಬೇಕು.

ನಿಜವಾದ 5.1 ಬೇಕೆಂಬವರಿಗೂ ಮಾರ್ಗವಿದೆ. ಮಕ್ಕಳ ಓದು ಮುಗಿದ ಮೇಲೆ ಮೂಲೆ ಸೇರಿದ ಡೆಸ್ಕ್‌ಟಾಪ್ ಕಂಪ್ಯೂಟರುಗಳ ಬೆನ್ನಿನಲ್ಲಿ, ಹಲವಕ್ಕೆ, ಹಸಿರು, ಕಪ್ಪು, ಕಿತ್ತಳೆ ಬಣ್ಣದ ಮೂರು ಪುಟ್ಟ ರಂಧ್ರಗಳಿರುತ್ತವೆ: ಹಸಿರಿನಲ್ಲಿ ಮುಂದಿನ ಜೋಡಿ, ಕಪ್ಪಿನಲ್ಲಿ ಹಿಂದಿನ ಜೋಡಿ, ಕಿತ್ತಳೆಯಲ್ಲಿ ನಡುವಿನದೂ ಸಬ್‌ವೂಫರೂ. ಆರು ನಾದಗಳನ್ನು ಬಿಡಿಸಿಕೊಡುವ ಯಂತ್ರ ಮನೆಯಲ್ಲೇ ಬಿದ್ದಿರುವಾಗ ಕೊಳ್ಳಬೇಕಾದುದು ಆಂಪ್ಲಿಫೈಯರ್ ಬೋರ್ಡುಗಳನ್ನು ಮಾತ್ರ. ಸ್ಯಾನ್ಯೋ ಸಂಸ್ಥೆಯ ಎಲ್‌ಎ 4440 ಎಂಬ ಹಳೆಯ ಐಸಿ ಇಂದಿಗೂ ಈ ಕಸುಬಿನ ಕುಲದೈವ. ಒಂದು ಐಸಿಯಿಂದ ಚಾನೆಲ್ಲಿಗೆ 6 ವಾಟಿನಂತೆ ಎರಡು ಚಾನೆಲ್, ಬ್ರಿಜ್ ಮಾಡಿದರೆ 19 ವಾಟಿನ ಒಂದೇ ಚಾನೆಲ್. ಮುಂದಿನ ಜೋಡಿಗೆ ಒಂದು, ಹಿಂದಿನದಕ್ಕೆ ಒಂದು, ನಡುವಿನದಕ್ಕೆ ಒಂದು, ಸಬ್‌ವೂಫರಿಗೆ ಬ್ರಿಜ್ ಮಾಡಿದ ಇನ್ನೊಂದು, ಹೀಗೆ ನಾಲ್ಕು ಬೋರ್ಡಾದರೆ ಸಂಸಾರ ಸಾಗುತ್ತದೆ. ಇದು ಕಾರಿನ ಸ್ಟೀರಿಯೋಗಳಿಗೆಂದು ಹುಟ್ಟಿದ್ದರಿಂದ 12 ವೋಲ್ಟಿನ ಬ್ಯಾಟರಿಯಲ್ಲೂ ನಡೆದೀತು. ಕರೆಂಟಿನ ಭರವಸೆಯಿಲ್ಲದ ಹಳ್ಳಿಮನೆಗೆ ಇದಕ್ಕಿಂತ ಹೊಂದುವ ಗುಣ ಬೇರಾವುದು? ಫ್ಯೂಸನ್ನು ಮಾತ್ರ ಮರೆಯಕೂಡದು. ಪೇಟೆಯಲ್ಲಿ ದೊರೆಯದ ಬಿಡಿಭಾಗಕ್ಕೆ ಬೆಂಗಳೂರಿನ ಎಸ್.ಪಿ. ರಸ್ತೆಯೇ ಗತಿ. ಇಷ್ಟು ಬೆಸುಗೆಯ ಉಸಾಬರಿ ಬೇಡವೆನ್ನುವವರು ಆಪ್ಟಿಕಲ್ ಪ್ರವೇಶವುಳ್ಳ ಹಳೆಯ ಸೆಕೆಂಡ್‌ಹ್ಯಾಂಡ್ ರಿಸೀವರ್ ಒಂದನ್ನು ಹುಡುಕಿಕೊಳ್ಳಬಹುದು; ಹೊಸ ಮಾದರಿಯ ಮೋಹಕ್ಕೆ ಬಿದ್ದ ಸಿರಿವಂತರು ಅಂಥವನ್ನು ಅಗ್ಗಕ್ಕೆ ಬಿಟ್ಟುಕೊಡುತ್ತಾರೆ.

ಇಡುವ ಸ್ಥಾನಕ್ಕೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಶಿಫಾರಸು ಮಾಡಿರುವ ಒಂದು ನಿಯಮವಿದೆ: ಕೇಳುಗನ ಮೂಗಿನ ನೇರದಿಂದ ಮುಂದಿನವು ಎಡಬಲಕ್ಕೆ 30 ಡಿಗ್ರಿ, ಹಿಂದಿನವು ಸುಮಾರು 110 ಡಿಗ್ರಿ, ಅಂದರೆ ಪೂರ್ತಿ ಬೆನ್ನಿಗಲ್ಲ, ಭುಜಕ್ಕಿಂತ ತುಸು ಹಿಂದಕ್ಕೆ. ಶಬ್ದ ಒಂದು ಅಡಿ ಸಾಗಲು ಹೆಚ್ಚುಕಡಮೆ ಒಂದು ಮಿಲಿಸೆಕೆಂಡು ಹಿಡಿಯುತ್ತದೆ. ಮೊದಲು ಬಂದ ನಾದದ ದಿಕ್ಕನ್ನೇ ಕಿವಿ ನಂಬುತ್ತದೆಂಬುದನ್ನು ಜರ್ಮನಿಯ ಹೆಲ್ಮುಟ್ ಹಾಸ್ 1949ರಲ್ಲಿ ವಿವರಿಸಿದ್ದಾನೆ. ಆದುದರಿಂದ ಹಿಂದಿನ ಸ್ಪೀಕರನ್ನು ಕುರ್ಚಿಗೆ ತಾಗಿಸಿಟ್ಟರೆ ತೆರೆಯ ಮೇಲಿನ ಮಾತೂ ಬೆನ್ನಿನಿಂದಲೇ ಬಂದಂತಾಗುವುದು. ಅದು ದೂರವಿರಲಿ, ಕಿವಿಗಿಂತ ತುಸು ಎತ್ತರದಲ್ಲಿರಲಿ. ಸಬ್‌ವೂಫರಿನ ವಿಷಯ ಬೇರೆ. 80 ಹರ್ಟ್ಸಿಗಿಂತ ಕೆಳಗಿನ ಸ್ವರದ ದಿಕ್ಕು ಕಿವಿಗೆ ತಿಳಿಯದು. ಆದರೆ 12 ಅಡಿಯ ಕೋಣೆಯಲ್ಲಿ 47 ಹರ್ಟ್ಸಿನ ಸ್ವರ ಎರಡು ಗೋಡೆಗಳ ನಡುವೆ ನಿಂತ ಅಲೆಯಾಗಿ, ಒಂದೆಡೆ ಎದೆಗೆ ಗುದ್ದಿ ಇನ್ನೊಂದೆಡೆ ಇಲ್ಲವೇ ಆಗಿಬಿಡುತ್ತದೆ. ಇದಕ್ಕೆ ಉಪಾಯ ವಿಚಿತ್ರವಾದುದು. ಪೆಟ್ಟಿಗೆಯನ್ನು ನಾವು ಕೂರುವ ಕುರ್ಚಿಯ ಮೇಲಿಟ್ಟು, ತಗ್ಗುಸ್ವರದ ಹಾಡೊಂದನ್ನು ಹಚ್ಚಿ, ಗೋಡೆಯ ಬುಡದಲ್ಲಿ ನಾವೇ ಅಂಬೆಗಾಲಿಟ್ಟು ಸುತ್ತಿ, ಎಲ್ಲಿ ಸ್ವರ ಸಮನಾಗಿ ಕೇಳಿಸಿತೋ ಅಲ್ಲಿ ಪೆಟ್ಟಿಗೆಯನ್ನು ಸ್ಥಾಪಿಸುವುದು. ಮೈಮೇಲೆ ಏನೋ ಬಂದಿತೆಂದು ಮನೆಯ ಹಿರಿಯರು ದೈವದ ಪಾತ್ರಿಯನ್ನು ಕರೆಸುವ ಮಾತೆತ್ತಿದರೂ ಧೈರ್ಯಗೆಡಬಾರದು.

ತುಳುವರ ಆಟಿ ತಿಂಗಳ ಮಳೆ ಹಂಚಿನ ಮೇಲೆ ಸುರಿಯತೊಡಗಿದ ಮೇಲೆ ಯಾವ 5.1ಕ್ಕೂ ಬೆಲೆಯಿಲ್ಲ, ಮಳೆಗಾಲದ ತಿಂಗಳುಗಳಲ್ಲಿ ಯಂತ್ರವನ್ನು ಕಾಪಾಡಿಕೊಳ್ಳುವುದೇ ಕೆಲಸ. ವಾರಕ್ಕೆರಡು ಬಾರಿಯಾದರೂ ಅರ್ಧಗಂಟೆ ನಡೆಸಿ ಒಳಗಿನ ಪಸೆಯನ್ನು ಆರಿಸಬೇಕು; ಬೆಚ್ಚನೆಯ ತಾಣವೆಂದು ಆಂಪ್ಲಿಫೈಯರಿನೊಳಗೆ ಹೊಕ್ಕ ಹಲ್ಲಿ ತಾನೂ ಸತ್ತು ಬೋರ್ಡನ್ನೂ ಸುಡುವುದರಿಂದ ಗಾಳಿಕಿಂಡಿಗಳಿಗೆ ಸೊಳ್ಳೆಪರದೆಯ ಬಲೆ ಹೊದಿಸಬೇಕು; ಸಬ್‌ವೂಫರಿಗೆ ಕೊಳವೆಬಾಯಿ ಇದ್ದರೆ ಅಲ್ಲಿಗೂ ಹಾಗೆಯೇ, ಇಲ್ಲವಾದರೆ ಮಣ್ಣಿನ ಗೂಡು ಕಟ್ಟುವ ಕಣಜ ಅದನ್ನು ತನ್ನ ವಾಸಕ್ಕೆ ಆರಿಸಿಕೊಳ್ಳುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು ಮಳೆಗಾಲಕ್ಕೆ ಮುಂಚಿನ ಏಪ್ರಿಲ್, ಮೇ ತಿಂಗಳುಗಳ ಸಂಜೆಯ ಸಿಡಿಲು. ಸ್ವಿಚ್ಚು ಆರಿಸಿದರೆ ಸಾಕೆಂದು ತಿಳಿಯಬೇಡಿರಿ. ಪಶ್ಚಿಮಘಟ್ಟದ ಕಡೆ ಮೋಡ ಕಪ್ಪಾದುದನ್ನು ಕಂಡೊಡನೆ, ಮೊದಲ ಗುಡುಗನ್ನು ಕಾಯದೆ, ಪ್ಲಗ್ಗನ್ನೂ ಡಿಶ್ ಅಥವಾ ಕೇಬಲ್ಲಿನ ತಂತಿಯನ್ನೂ ಎರಡನ್ನೂ ಕಳಚಿಡಿರಿ.