ಆಕಾಶದ ಪರೀಕ್ಷೆಯಲ್ಲಿ ನಿಮಗೆಷ್ಟು ಅಂಕ?

ದಿನವೂ ತಲೆಯ ಮೇಲೇ ಇರುವ ಆಕಾಶದ ಬಗ್ಗೆ ನಮಗೆ ಎಷ್ಟು ಗೊತ್ತು? ಪಠ್ಯಪುಸ್ತಕ ಮುಚ್ಚಿಟ್ಟು, ಒಂದು ಹಾಳೆ, ಪೆನ್ಸಿಲು ಹಿಡಿದು ಕುಳಿತರೆ ಹತ್ತೇ ನಿಮಿಷದಲ್ಲಿ ತಿಳಿದುಬಿಡುತ್ತದೆ. ಕೆಳಗೆ ಎಂಟು ಹೇಳಿಕೆಗಳಿವೆ. ಪ್ರತಿಯೊಂದಕ್ಕೂ 'ಸರಿ' ಅಥವಾ 'ತಪ್ಪು' ಎಂದು ಬರೆಯಿರಿ. ಪಕ್ಕದಲ್ಲಿ 'ಖಚಿತ' ಅಥವಾ 'ಅಂದಾಜು' ಎಂದೂ ಗುರುತು ಹಾಕಿ. ಈ ಎರಡನೆಯ ಗುರುತು ಏಕೆಂದು ಆಮೇಲೆ ನೋಡೋಣ. ಅಪ್ಪ ಅಮ್ಮಂದಿರೂ ಬೇರೆ ಹಾಳೆಯಲ್ಲಿ ಬರೆಯಲಿ. ಅವರಿಗೇನೂ ವಿನಾಯಿತಿ ಇಲ್ಲ!

1. ಭೂಮಿ ಸೂರ್ಯನಿಗೆ ಹತ್ತಿರ ಬಂದಾಗ ನಮಗೆ ಬೇಸಿಗೆ.
2. ಭೂಮಿಯ ನೆರಳು ಬೀಳುವುದರಿಂದ ಬಿದಿಗೆಯ ಚಂದ್ರ ಗೆರೆಯಂತೆ ಕಾಣುತ್ತಾನೆ.
3. ಬೆಂಗಳೂರಿನಲ್ಲಿ ದಿನವೂ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ.
4. ಧ್ರುವ ನಕ್ಷತ್ರವೇ ರಾತ್ರಿ ಆಕಾಶದ ಅತಿ ಪ್ರಕಾಶಮಾನ ನಕ್ಷತ್ರ.
5. ಎಲ್ಲಕ್ಕಿಂತ ಬಿಸಿಯಾದ ಗ್ರಹ ಬುಧವಲ್ಲ, ಶುಕ್ರ.
6. ಜ್ಯೋತಿರ್ವರ್ಷ ಎಂಬುದು ಕಾಲದ ಅಳತೆ.
7. ಹಗಲು ಹೊತ್ತಿನಲ್ಲೂ ಚಂದ್ರನನ್ನು ನೋಡಬಹುದು.
8. ಸೌರವ್ಯೂಹದಲ್ಲಿ ಗ್ರಹಗಳು ಒಂಬತ್ತು.

ಬರೆದಾಯಿತೇ? ಈಗ ಉತ್ತರಗಳು

1. ತಪ್ಪು. ಭೂಮಿ ಸೂರ್ಯನಿಗೆ ಅತಿ ಹತ್ತಿರವಿರುವುದು ಜನವರಿ ಮೊದಲ ವಾರದಲ್ಲಿ, ನಾವು ಚಳಿಗೆ ಹೊದ್ದು ಮಲಗುವ ದಿನಗಳಲ್ಲಿ! ಆಗಿನ ದೂರ ಸುಮಾರು 14.71 ಕೋಟಿ ಕಿ.ಮೀ.; ಜುಲೈ ಮೊದಲ ವಾರದಲ್ಲಿ ಸುಮಾರು 15.21 ಕೋಟಿ ಕಿ.ಮೀ. ಭೂಮಿಯ ಅಕ್ಷ 23.5 ಡಿಗ್ರಿ ವಾಲಿರುವುದೇ ಋತುಗಳಿಗೆ ಕಾರಣ.
2. ತಪ್ಪು. ಚಂದ್ರನ ಅರ್ಧಭಾಗ ಸದಾ ಬಿಸಿಲಿನಲ್ಲಿರುತ್ತದೆ. ಆ ಬೆಳಗಿದ ಭಾಗದಲ್ಲಿ ನಮ್ಮ ಕಡೆಗೆ ಎಷ್ಟು ತಿರುಗಿದೆ ಎಂಬುದಷ್ಟೇ ದಿನದಿನಕ್ಕೆ ಬದಲಾಗುತ್ತದೆ. ಭೂಮಿಯ ನೆರಳು ಬೀಳುವುದು ಚಂದ್ರಗ್ರಹಣದಲ್ಲಿ ಮಾತ್ರ.
3. ತಪ್ಪು. ವರ್ಷದಲ್ಲಿ ಎರಡೇ ಸಲ: ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ. ಅಂದು ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ನಡುಹಗಲಲ್ಲಿ ಮಾಯವಾಗುತ್ತದೆ.
4. ತಪ್ಪು. ಆ ಗೌರವ ಲುಬ್ಧಕಕ್ಕೆ. ಧ್ರುವಕ್ಕಿಂತ ಪ್ರಕಾಶಮಾನವಾದ ನಕ್ಷತ್ರಗಳು ನಲವತ್ತಕ್ಕೂ ಹೆಚ್ಚಿವೆ. ಅದರ ಹೆಗ್ಗಳಿಕೆ ಬೆಳಕಲ್ಲ, ಬಹುಮಟ್ಟಿಗೆ ಕದಲದೆ ಉತ್ತರವನ್ನು ತೋರುವುದು.
5. ಸರಿ. ಬುಧ ಸೂರ್ಯನಿಗೆ ಹತ್ತಿರವಿದ್ದರೂ ಅದಕ್ಕೆ ದಟ್ಟ ವಾಯುಮಂಡಲವಿಲ್ಲ. ಶುಕ್ರನ ಇಂಗಾಲದ ಡೈ ಆಕ್ಸೈಡ್ ಹೊದಿಕೆ ಶಾಖವನ್ನು ಬಿಟ್ಟುಕೊಡುವುದಿಲ್ಲ. ಅಲ್ಲಿನ ಉಷ್ಣತೆ ಸುಮಾರು 465 ಡಿಗ್ರಿ ಸೆಲ್ಸಿಯಸ್.
6. ತಪ್ಪು. ಅದು ದೂರ. ಬೆಳಕು ಒಂದು ವರ್ಷದಲ್ಲಿ ಕ್ರಮಿಸುವ ಸುಮಾರು 9.46 ಲಕ್ಷ ಕೋಟಿ ಕಿ.ಮೀ.
7. ಸರಿ. ಶುಕ್ಲಪಕ್ಷದ ಅಷ್ಟಮಿಯ ದಿನ ಮಧ್ಯಾಹ್ನ ಮೂರರ ನಂತರ ಪೂರ್ವದ ಕಡೆ ನೋಡಿ.
8. ತಪ್ಪು. ಎಂಟು. 2006ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ಪ್ಲೂಟೋವನ್ನು ಕುಬ್ಜ ಗ್ರಹಗಳ ಸಾಲಿಗೆ ಸೇರಿಸಿತು. ಅದಕ್ಕೂ ಮೊದಲು ಶಾಲೆ ಕಲಿತ ಅಪ್ಪನ ಹಾಳೆಯಲ್ಲಿ 'ಸರಿ' ಎಂದಿದ್ದರೆ ನಗಬೇಡಿ. ಅವರ ಕಾಲಕ್ಕೆ ಅದೇ ಪೂರ್ತಿ ಅಂಕದ ಉತ್ತರ!

ಅಂಕ ಕಡಿಮೆ ಬಂತೇ?

ಇಲ್ಲೊಂದು ಸ್ವಾರಸ್ಯವಿದೆ. ಪ್ರಶ್ನೆಗಳನ್ನು ಓದದೆ, ನಾಣ್ಯ ಚಿಮ್ಮಿ ಉತ್ತರ ಬರೆದರೂ ಸರಾಸರಿ ನಾಲ್ಕು ಅಂಕ ಸಿಗುತ್ತದೆ. ಹಾಗಿದ್ದಮೇಲೆ ಯೋಚಿಸಿ ಬರೆದವರಿಗೆ ಎರಡೋ ಮೂರೋ ಬಂದರೆ ಏನರ್ಥ? ತಲೆ ಖಾಲಿ ಇದೆ ಎಂದಲ್ಲ. ಅದರಲ್ಲಿ ಬೇರೊಂದು ಚಿತ್ರ ಕುಳಿತಿದೆ ಎಂದು. ಒಲೆಯ ಹತ್ತಿರ ಹೋದರೆ ಬಿಸಿ ಹೆಚ್ಚು, ಆದ್ದರಿಂದ ಸೂರ್ಯನ ಹತ್ತಿರವೇ ಬೇಸಿಗೆ ಎಂಬುದು ದಡ್ಡತನದ ಮಾತಲ್ಲ. ಅನುಭವದಿಂದ ಹುಟ್ಟಿದ ತರ್ಕ ಅದು, ಇಲ್ಲಿ ಹೊಂದುವುದಿಲ್ಲ ಅಷ್ಟೇ.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಹೊಸ ಪದವೀಧರರೂ ಪ್ರಾಧ್ಯಾಪಕರೂ ಸೇರಿ 23 ಮಂದಿಗೆ ಋತುಗಳ ಅಥವಾ ಚಂದ್ರನ ಕಲೆಗಳ ಕಾರಣ ಕೇಳಲಾಯಿತು. 21 ಮಂದಿ ತಪ್ಪು ಹೇಳಿದರು! 1987ರ 'ಎ ಪ್ರೈವೇಟ್ ಯೂನಿವರ್ಸ್' ಎಂಬ ಸಾಕ್ಷ್ಯಚಿತ್ರದಲ್ಲಿ ಇದು ದಾಖಲಾಗಿದೆ. ಗೆಲಿಲಿಯೋ ಕೂಡ 1610ರಲ್ಲಿ ಶನಿಯ ಉಂಗುರವನ್ನು ಕಂಡು, ಶನಿಯ ಎರಡೂ ಪಕ್ಕ ಒಂದೊಂದು ಗೋಳವಿದೆ ಎಂದುಕೊಂಡ. ಅದು ಉಂಗುರವೆಂದು ಹೈಗನ್ಸ್ ತನ್ನ ಪುಸ್ತಕದಲ್ಲಿ ವಿವರಿಸಿದ್ದು 1659ರಲ್ಲಿ.

ಈಗ ಆ ಎರಡನೆಯ ಗುರುತಿಗೆ ಬನ್ನಿ. 'ಅಂದಾಜು' ಎಂದು ಬರೆದು ತಪ್ಪಿದ್ದರೆ ಒಮ್ಮೆ ಓದಿಕೊಂಡರೆ ಸಾಕು. 'ಖಚಿತ' ಎಂದು ಬರೆದು ತಪ್ಪಿದ್ದರೆ ಬರೀ ಉತ್ತರ ಉರುಹೊಡೆದು ಪ್ರಯೋಜನವಿಲ್ಲ. ಹಳೆಯ ಚಿತ್ರ ಅಲ್ಲೇ ಇರುತ್ತದೆ, ಪರೀಕ್ಷೆ ಮುಗಿದ ಮೇಲೆ ಮತ್ತೆ ಎದ್ದು ಕೂರುತ್ತದೆ. ಅದನ್ನು ಕಣ್ಣಾರೆ ನೋಡಿಯೇ ಬದಲಿಸಿಕೊಳ್ಳಬೇಕು. ಇನ್ನು 'ಅಂದಾಜು' ಎಂದು ಬರೆದು ಸರಿಯಾದದ್ದು ಅದೃಷ್ಟದ ಅಂಕ. ಅದನ್ನು ನಂಬಿ ಕೂರಬೇಡಿ.

ಖರ್ಚಿಲ್ಲದ ಪ್ರಯೋಗಗಳು

ಕತ್ತಲೆ ಕೋಣೆಯಲ್ಲಿ ಒಂದೇ ಬಲ್ಬು ಉರಿಸಿ. ಕೈ ಚಾಚಿ ಚೆಂಡೊಂದನ್ನು ತಲೆಗಿಂತ ತುಸು ಎತ್ತರದಲ್ಲಿ ಹಿಡಿದು, ನಿಂತಲ್ಲೇ ನಿಧಾನವಾಗಿ ಒಂದು ಸುತ್ತು ತಿರುಗಿ. ಬಿದಿಗೆಯಿಂದ ಹುಣ್ಣಿಮೆಯವರೆಗಿನ ಚಂದ್ರ ಚೆಂಡಿನ ಮೇಲೇ ಕಾಣುತ್ತಾನೆ, ನಿಮ್ಮ ತಲೆಯ ನೆರಳಿನ ಹಂಗಿಲ್ಲದೆ. ಅಮಾವಾಸ್ಯೆ ಕಳೆದ ಮೇಲೆ ಹದಿನೈದು ದಿನ ಸಂಜೆ ಒಂದೇ ಹೊತ್ತಿಗೆ ಚಂದ್ರನ ಆಕಾರ, ದಿಕ್ಕು ಬರೆದಿಡಿ. ಅಂಗಳದಲ್ಲಿ ಕೋಲು ನೆಟ್ಟು ವಾರಕ್ಕೊಮ್ಮೆ ನಡುಹಗಲಿನ ನೆರಳು ಅಳೆಯಿರಿ. ಬೆಂಗಳೂರಿನಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಸುಮಾರು 13 ಡಿಗ್ರಿ ಮೇಲಿದೆ. ಚಾಚಿದ ಕೈಯ ಮುಷ್ಟಿಯೊಂದು ಸುಮಾರು 10 ಡಿಗ್ರಿ. ಹುಡುಕಿ ನೋಡಿ. ಒಂದು ಎಚ್ಚರಿಕೆ: ಸೂರ್ಯನನ್ನು ಮಾತ್ರ ಎಂದೂ ನೇರವಾಗಿ ನೋಡಬೇಡಿ.

ತಂದೆತಾಯಂದಿರಿಗೆ ಒಂದು ಮಾತು. "ಇಷ್ಟೂ ಗೊತ್ತಿಲ್ಲವೇ?" ಎಂದರೆ ಮಗು ಮುಂದಿನ ಸಲ ಉತ್ತರವನ್ನು ಬಚ್ಚಿಡಲು ಕಲಿಯುತ್ತದೆ. "ಹಾಗೇಕೆ ಅನ್ನಿಸಿತು, ಹೇಳು" ಎಂದು ಕೇಳಿದರೆ ಒಳಗಿರುವ ಚಿತ್ರ ಹೊರಬರುತ್ತದೆ, ತಿದ್ದುವುದು ಸುಲಭವಾಗುತ್ತದೆ. ಈ ಹಾಳೆಯನ್ನು ತೆಗೆದಿಟ್ಟು, ಮೂರು ತಿಂಗಳ ನಂತರ ಮತ್ತೊಮ್ಮೆ ಬರೆಸಿ. ಆಗ ಅಂಕಕ್ಕಿಂತ ಮೊದಲು, ಪ್ರತಿ ಉತ್ತರಕ್ಕೂ ಕಾರಣ ಹೇಳಬಲ್ಲರೇ ಎಂದು ನೋಡಿ.