ಕಿಟಕಿಯ ಗಾಜಿನಲ್ಲಿ ಉಳಿದ ಅಳಲು

ದೇವಮಂದಿರವೆಂದೊಡನೆ ಎತ್ತರದ ಗೋಪುರ, ಶಿಲ್ಪಗಳ ಸಾಲು, ಬಣ್ಣದ ಗಾಜುಗಳ ವೈಭವ ನಮ್ಮ ಕಣ್ಣ ಮುಂದೆ ಸುಳಿಯುವುದು ಸಹಜ. ಇವಾವುವೂ ಇಲ್ಲದ ಪುಟ್ಟ ಮಂದಿರವೊಂದು ಸ್ಕಾಟ್ಲೆಂಡಿನ ಉತ್ತರದ ಬೆಟ್ಟನಾಡಿನಲ್ಲಿದೆ. ಆರ್ಡ್‌ಗೈ ಎಂಬ ಊರಿನಿಂದ ಸುಮಾರು 10 ಮೈಲಿ ಒಳಗೆ, ಜನವಿರಳ ಕಣಿವೆಯಲ್ಲಿ ನಿಂತಿರುವ ಕ್ರೋಯಿಕ್ ಚರ್ಚ್ ಅದು.

ಚದುರಿದ ಹಳ್ಳಿಗಳ ಜನರಿಗೆ ಆರಾಧನೆಯ ಸ್ಥಳ ಒದಗಿಸಲೆಂದು ಬ್ರಿಟಿಷ್ ಸಂಸತ್ತು 1823ರಲ್ಲಿ ಕಾಯಿದೆಯೊಂದನ್ನು ಮಾಡಿ, 50,000 ಪೌಂಡುಗಳನ್ನು ಮಂಜೂರು ಮಾಡಿತು. ಒಂದು ಚರ್ಚಿಗೂ ಸಭಾಪಾಲಕರ ಮನೆಗೂ ಸೇರಿ 1,500 ಪೌಂಡುಗಳನ್ನು ಮೀರುವಂತಿರಲಿಲ್ಲ. ಕಾರ್ಯದ ಹೊಣೆ ಹೊತ್ತವರು ಸೇತುವೆ, ಕಾಲುವೆಗಳ ನಿರ್ಮಾಣಕ್ಕೆ ಹೆಸರಾದ ಥಾಮಸ್ ಟೆಲ್‌ಫೋರ್ಡ್. ಒಂದೇ ಮಾದರಿಯ ನಕ್ಷೆಯನ್ನು ಅನುಸರಿಸಿ 30ಕ್ಕೂ ಹೆಚ್ಚು ಚರ್ಚುಗಳು ಎದ್ದವು. ಕ್ರೋಯಿಕ್ ಚರ್ಚ್ ಪೂರ್ಣಗೊಂಡದ್ದು 1827ರಲ್ಲಿ.

ಇಂಗ್ಲಿಷಿನ 'ಟಿ' ಅಕ್ಷರದ ಆಕಾರ, ಕಲ್ಲಿನ ಗೋಡೆ, ಮಾಡಿನ ತುದಿಯಲ್ಲಿ ಗಂಟೆಗೊಂದು ಚಿಕ್ಕ ಗೂಡು. ಹೊರಗಿನ ರೂಪ ಇಷ್ಟೇ. ಪ್ರೆಸ್ಬಿಟೇರಿಯನ್ ಪಂಥದಲ್ಲಿ ಬಿಷಪ್ಪರಿಲ್ಲ. ಆಡಳಿತ ಹಿರಿಯರ ಮಂಡಲಿಗೆ ಸೇರಿದ್ದು. ಆರಾಧನೆಯಲ್ಲಿ ವಾಕ್ಯಶ್ರವಣಕ್ಕೇ ಅಗ್ರಸ್ಥಾನ. ಆದುದರಿಂದಲೇ ಪ್ರಸಂಗಪೀಠವು ಉದ್ದಗೋಡೆಯ ನಡುವೆ ನಿಂತಿದೆ. ಮೂರು ಕಡೆ ಕುಳಿತವರ ಮುಖವೂ ಅದರತ್ತಲೇ. ಪ್ರಭುಭೋಜನಕ್ಕಾಗಿ ಎಲ್ಲರೂ ಒಟ್ಟಿಗೆ ಕೂರುವ ಉದ್ದನೆಯ ಮೇಜು ಇಲ್ಲಿನ ಮತ್ತೊಂದು ವಿಶೇಷ. ಕಿಟಕಿಗಳಿಗೆ ವಜ್ರಾಕೃತಿಯ ಸಣ್ಣ ಸಣ್ಣ ಸಾದಾ ಗಾಜುಗಳು.

ಈ ಸಾದಾ ಗಾಜುಗಳೇ ಮುಂದೆ ಇತಿಹಾಸದ ಪುಟಗಳಾದುದು ವಿಧಿವಿಲಾಸವೆನ್ನಬೇಕು. ಆ ಕಾಲದಲ್ಲಿ ಜಮೀನುದಾರರು ಕುರಿ ಸಾಕಣೆಯ ಲಾಭಕ್ಕಾಗಿ ಒಕ್ಕಲುಗಳನ್ನು ಎಬ್ಬಿಸುತ್ತಿದ್ದರು. 1845ರ ಮೇ ತಿಂಗಳಲ್ಲಿ ಸಮೀಪದ ಗ್ಲೆನ್‌ಕಾಲ್ವಿ ಕಣಿವೆಯ ಸರದಿ ಬಂದಿತು. ತಲೆಮಾರುಗಳಿಂದ ಉತ್ತಿ ಬಾಳಿದ 80ಕ್ಕೂ ಹೆಚ್ಚು ಜನ, ವೃದ್ಧರು ಹಾಗೂ ಹಸುಗೂಸುಗಳ ಸಹಿತ ಮನೆ ತೊರೆದರು. ಅವರು ತಂಗಿದ್ದು ಚರ್ಚಿನೊಳಗಲ್ಲ, ಹೊರಗಿನ ಸಮಾಧಿಗಳ ಅಂಗಳದಲ್ಲಿ. ಗಳುಗಳನ್ನು ನೆಟ್ಟು ಟಾರ್ಪಾಲು, ಕಂಬಳಿ ಹೊದಿಸಿದ ಗುಡಾರವೇ ಅವರ ಆಸರೆ. ಸಭಾಪಾಲಕ ಗಸ್ಟೇವಸ್ ಏರ್ಡ್ ಅವರ ಪರವಾಗಿ ನಿಂತರು. ಲಂಡನ್ನಿನ 'ಟೈಮ್ಸ್' ಪತ್ರಿಕೆಯ ವರದಿಗಾರನೂ ಬಂದು ಕಂಡು ಬರೆದನು.

ಆ ದಿನಗಳಲ್ಲಿ ಯಾರೋ ಹೊರಗೆ ನಿಂತು ಪೂರ್ವದ ಕಿಟಕಿಯ ಗಾಜುಗಳ ಮೇಲೆ ಗೀಚಿ ಬರೆದರು. ಮನೆಮಾತು ಗೇಲಿಕ್ ಆದರೂ ಬರಹ ಇಂಗ್ಲಿಷಿನಲ್ಲಿದೆ. ಗ್ಲೆನ್‌ಕಾಲ್ವಿಯ ಒಕ್ಕಲುಗಳು ಇಲ್ಲಿದ್ದರೆಂಬ ಸಾಕ್ಷ್ಯ, 1845ರ ಮೇ 24 ಎಂಬ ದಿನಾಂಕ. ಮತ್ತೊಂದು ಗಾಜಿನಲ್ಲಿ ತಮ್ಮನ್ನೇ ದುಷ್ಟ ಪೀಳಿಗೆಯೆಂದು ಕರೆದುಕೊಂಡ ಮಾತು. ಮನೆ ಕಳೆದುಕೊಂಡವರು ಅದು ತಮ್ಮದೇ ಪಾಪದ ಫಲವೆಂದು ಭಾವಿಸಿದುದನ್ನು ಓದುವಾಗ ನಮ್ಮ ಹೃದಯ ಕಲಕುತ್ತದೆ.

ಟೆಲ್‌ಫೋರ್ಡರು ಸ್ವತಃ ಕುರಿಗಾಹಿಯ ಮಗ. ಕುರಿಗಳಿಗಾಗಿ ಮನುಷ್ಯರನ್ನು ಹೊರದೂಡಿದ ಕಥೆ ತಮ್ಮ ಕಿಟಕಿಯಲ್ಲಿ ಉಳಿಯುವುದೆಂದು ಅವರು ಬಗೆದಿರಲಾರರು, 1834ರಲ್ಲೇ ತೀರಿಕೊಂಡಿದ್ದರು. ಮಿತವ್ಯಯದ ನಕ್ಷೆಯಲ್ಲಿ ಅಲಂಕಾರಕ್ಕೆ ಎಡೆಯಿರಲಿಲ್ಲ. ಆದರೆ ಬಣ್ಣವಿಲ್ಲದ ಆ ಗಾಜು ದೀನರ ಕೈಬರಹಕ್ಕೆ ಎಡೆಕೊಟ್ಟಿತು. ವಾಕ್ಯವನ್ನು ಕೇಳಿಸಲೆಂದು ಕಟ್ಟಿದ ಮಂದಿರ ನೊಂದವರ ಮಾತನ್ನೂ ಕಾಪಾಡಿಕೊಂಡು ಬಂದಿದೆ. ಅದರ ಹಿರಿಮೆಯನ್ನು ನಾವು ಕಾಣುವುದು ಇಲ್ಲಿಯೇ.